ಸಾಯಬಣ್ಣ ಚಾರ್ಜು ಕೊಟ್ಟ ದಿನ

ಸಾಯಬಣ್ಣನ ಸುಖಕ್ಕೆ ಅಡ್ಡ ನಿಂತದ್ದು ಒಂದು ಕೆಂಪು ಪಟ್ಟಿ. ಕಂಪ್ಯೂಟರಿನ ಪರದೆಯ ಮೇಲೆ ಬೆರಳುದ್ದ ಇತ್ತೋ ಇಲ್ಲವೋ. ಆದರೆ ಆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅದು ಅವನ ಕಣ್ಣಿಗೆ ವಾಡಿ ಜಂಕ್ಷನ್ನಿನ ರೈಲ್ವೆ ಗೇಟು ಬಿದ್ದಂತೆ ಕಂಡಿತು.

ಸಂಗತಿ ಇಷ್ಟು. ಸಾಯಬಣ್ಣ ಸೇಡಂನಲ್ಲಿ ತೊಗರಿ ಬೀಜ ಸಹಕಾರ ಸಂಘದ ಶಾಖೆಯ ಗುಮಾಸ್ತ. ಮನೆ ಚಿತ್ತಾಪುರದ ಮಗ್ಗುಲಿನ ದಂಡೋತಿಯಲ್ಲಿ. ಏಳು ವರ್ಷದಿಂದ ದಿನಾ ಬಸ್ಸಿನಲ್ಲಿ ಬರುವುದು, ಬಸ್ಸಿನಲ್ಲಿ ಹೋಗುವುದು. ಅವನ ಹೆಂಡತಿ ಭಾಗ್ಯ ಬಡಿಯುವ ಜೋಳದ ರೊಟ್ಟಿಗೆ ಇಡೀ ಓಣಿಯಲ್ಲಿ ಹೆಸರು. ಮಧ್ಯಾಹ್ನ ಒಂದಕ್ಕೆ ಅವಳು ಒಲೆಗೆ ಹಂಚು ಇಟ್ಟಳೆಂದರೆ ಅತ್ತೆ ಮಹಾದೇವಮ್ಮ ತಿನ್ನುತ್ತಾಳೆ, ನೆರೆಮನೆಯವರು ತಿನ್ನುತ್ತಾರೆ, ವಿಳಾಸ ಕೇಳಲು ಬಂದವರೂ ಕೂತು ಒಂದು ತಿಂದು ಹೋಗುತ್ತಾರೆ. ತಾಳಿ ಕಟ್ಟಿದ ಸಾಯಬಣ್ಣನಿಗೆ ಮಾತ್ರ ಮುಂಜಾನೆ ಆರಕ್ಕೆ ಬಡಿದು ಕಟ್ಟಿದ್ದು, ಎರಡು ಗಂಟೆಗೆ ರಟ್ಟಿನಂತಾದದ್ದು. ಏಳು ವರ್ಷದಿಂದ ಅವನು ಕೆಲಸದ ದಿನ ಮಧ್ಯಾಹ್ನ ಬಿಸಿ ರೊಟ್ಟಿ ಕಂಡವನಲ್ಲ. ಸಂಬಳ ಹೆಚ್ಚಲಿ, ಬಡ್ತಿ ಸಿಗಲಿ ಎಂದು ಅವನು ಯಾವ ದೇವರನ್ನೂ ಕೇಳಿರಲಿಲ್ಲ. ಚಿತ್ತಾಪುರಕ್ಕೆ ವರ್ಗ ಆಗಲಿ, ಮಧ್ಯಾಹ್ನ ಗಾಡಿ ಹತ್ತಿ ಮನೆಗೆ ಹೋಗಿ ಹಂಚಿನ ಮುಂದೆ ಕೂತು ಉಂಡು ಬರುವಂತಾಗಲಿ ಎಂದಷ್ಟೇ ಕೇಳಿದ್ದ.

ದೇವರು ಏಳು ವರ್ಷ ಫೈಲು ಇಟ್ಟುಕೊಂಡು ಕೊನೆಗೆ ಮಂಜೂರು ಮಾಡಿದ್ದ. ಆದೇಶದ ತುದಿಗೆ ಮಾತ್ರ ಒಂದು ಸಾಲು ಇತ್ತು: ಬುಧವಾರ ಸಂಜೆ ಐದೂವರೆಯೊಳಗೆ ಚಿತ್ತಾಪುರದಲ್ಲಿ ಹಾಜರಾಗದಿದ್ದರೆ ಆ ಜಾಗ ವಾಡಿ ಶಾಖೆಯವರಿಗೆ ಹೋಗುತ್ತದೆ. ವಾಡಿಯ ಮನುಷ್ಯ ಆಗಲೇ ಚಿತ್ತಾಪುರದಲ್ಲಿ ಬಾಡಿಗೆ ಮನೆ ನೋಡಿ ಹೋಗಿದ್ದಾನೆಂದು ಸುದ್ದಿ. ಮೂರೂವರೆಯ ಬಸ್ಸು ತಪ್ಪಿದರೆ ಎಲ್ಲ ತಪ್ಪಿದಂತೆ.

ಆದರೆ ಸುಮ್ಮನೆ ಎದ್ದು ಹೋಗುವುದಕ್ಕೆ ಇದೇನು ಬೀಗರ ಮನೆಯೇ? ಕಚೇರಿ. ಹೋಗುವವನು ಚಾರ್ಜು ಕೊಡಬೇಕು, ಬಂದವರು ತೆಗೆದುಕೊಳ್ಳಬೇಕು. ಪಟ್ಟಿಯಲ್ಲಿರುವ ಒಂದೊಂದು ಸಾಮಾನನ್ನೂ ಕಣ್ಣಾರೆ ಕಂಡು ಬಂದವರು ಸಹಿ ಹಾಕಿದರೆ ಮಾತ್ರ ಹೋಗುವವನಿಗೆ ಬಿಡುಗಡೆ.

ಚಾರ್ಜು ತೆಗೆದುಕೊಳ್ಳಲು ಶಾಹಾಬಾದಿನಿಂದ ಬಂದವಳು ಲುಂಬಿನಿ. ಚಿಕ್ಕ ವಯಸ್ಸು, ದಪ್ಪ ಕನ್ನಡಕ, ಸ್ವಂತದ ಪೆನ್ನು. ಆ ಪೆನ್ನಿನ ಟೋಪಿ ತೆಗೆಯುವುದಕ್ಕೇ ಅವಳಿಗೆ ಮನಸ್ಸಿರಲಿಲ್ಲ.

"ಕುರ್ಚಿ ಎರಡು," ಎಂದು ಸಾಯಬಣ್ಣ ಓದಿದ.

"ಒಂದರ ಕಾಲು ಮುರದದಲ್ರೀ?"

"ಪಟ್ಟಿನಾಗ ಕುರ್ಚಿ ಲೆಕ್ಕ ಅದರಿ ಮೇಡಮ್, ಕಾಲಿನ ಲೆಕ್ಕ ಇಲ್ಲ."

ಲುಂಬಿನಿ ನಗಲಿಲ್ಲ. 'ಕಾಲು ಮೂರು' ಎಂದು ಪಕ್ಕದಲ್ಲಿ ಬರೆದುಕೊಂಡಳು. ಆಗಲೇ ಸಾಯಬಣ್ಣನಿಗೆ ಈ ಹೆಣ್ಣುಮಗಳು ಸುಲಭದವಳಲ್ಲ ಎಂದು ಗೊತ್ತಾಗಬೇಕಿತ್ತು.

ಮುಂದಿನದು ಕಂಪ್ಯೂಟರ್. ಅದು ಶಾಖೆಗೆ ಬಂದು ಹದಿನಾಲ್ಕು ವರ್ಷ. ಮಗ್ಗುಲಿನ ತಗಡು ಬಿಚ್ಚಿಟ್ಟು, ಎದುರಿಗೆ ಟೇಬಲ್ ಫ್ಯಾನು ಹಚ್ಚಿದರೆ ಮಾತ್ರ ನಡೆಯುತ್ತದೆ, ಇಲ್ಲದಿದ್ದರೆ ಕಾದು ತಾನೇ ಮಲಗಿಬಿಡುತ್ತದೆ. ಸೇಡಂನ ಬಿಸಿಲಿಗೆ ಮನುಷ್ಯರೇ ಮಲಗುತ್ತಾರೆ, ಅದನ್ನೇನು ಅನ್ನುವುದು! ಗುಂಡಿ ಒತ್ತಿದರೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿ, ಒಬ್ಬ ಮನುಷ್ಯ ಹೊರಗೆ ಹೋಗಿ ಚಹಾ ಕುಡಿದು, ಎರಡು ಮಾತಾಡಿ ಬರುವ ಹೊತ್ತಿಗೆ ಪರದೆ ಬೆಳಗುತ್ತದೆ. ಲುಂಬಿನಿ ಚಹಾ ಕುಡಿಯಲಿಲ್ಲ. ಗಡಿಯಾರ ನೋಡಿ 'ಶುರುವಾಗಲು ಹನ್ನೆರಡು ನಿಮಿಷ' ಎಂದು ಬರೆದುಕೊಂಡಳು.

ಕೊನೆಗೆ ಪಟ್ಟಿಯ ಕಡೆಯ ಸಾಲು: ಝಡ್ ಡ್ರೈವ್. ಅಂದರೆ ಶಾಖೆಯವರೆಲ್ಲ ತಮ್ಮ ತಮ್ಮ ಕಂಪ್ಯೂಟರಿನಿಂದಲೇ ಫೈಲುಗಳನ್ನು ಇಡುವ ಸಾಮೂಹಿಕ ಉಗ್ರಾಣ. ಅದು ನಿಜವಾಗಿ ಎಲ್ಲಿದೆ ಎಂದು ಯಾರೂ ಕಂಡಿಲ್ಲ. ಕಲಬುರಗಿಯ ಹೆಡ್ ಆಫೀಸಿನ ಒಂದು ತಂಪು ಕೋಣೆಯಲ್ಲಿದೆ ಎಂದು ಹೇಳುತ್ತಾರೆ. ಕಣ್ಣಿಗೆ ಕಾಣದ ಜಾಗವಾದ್ದರಿಂದ ಎಲ್ಲರೂ ಧಾರಾಳವಾಗಿ ತುಂಬುತ್ತಿದ್ದರು. ಅದರ ಉಸ್ತುವಾರಿ ಗುಮಾಸ್ತನದು.

ಪರದೆಯ ಮೇಲೆ ಆ ಕೆಂಪು ಪಟ್ಟಿ ಕಂಡದ್ದು ಆಗಲೇ. ಐನೂರು ಜೀಬಿಯಲ್ಲಿ ಖಾಲಿ ಉಳಿದದ್ದು ಮೂವತ್ತೆಂಟು ಎಂಬಿ.

"ಇದೇನ್ರೀ ಇದು?" ಎಂದಳು ಲುಂಬಿನಿ. "ನಂದೊಂದು ರಜಾ ಅರ್ಜಿ ಸುದ್ದಾ ಹಿಡಿಯಂಗಿಲ್ಲ ಇದ್ರಾಗ. ಕೆಂಪು ಇರೋ ಡ್ರೈವ್ ನಾ ಚಾರ್ಜ್ ತೊಗೊಳ್ಳಂಗಿಲ್ಲ. ಐವತ್ತು ಜೀಬಿ ಖಾಲಿ ಮಾಡಿ ಕೊಡ್ರಿ, ಸಹಿ ಹಾಕ್ತೀನಿ."

"ಮೇಡಮ್, ನಾನೂ ಏಳು ವರ್ಷದ ಹಿಂದ ಕೆಂಪೇ ತೊಗೊಂಡಿದ್ದೆ."

"ಅದು ನಿಮ್ಮ ಒಳ್ಳೇತನರಿ," ಎಂದು ಲುಂಬಿನಿ ನಾಲ್ಕೂ ಕಾಲಿದ್ದ ಕುರ್ಚಿಯಲ್ಲಿ ಕೂತು, ಚೀಲದಿಂದ ಹುರಿದ ಶೇಂಗಾ ತೆಗೆದಳು.

ಐವತ್ತು ಜೀಬಿ! ಹಾಳಾಗಿ ಹೋಗಲಿ, ಅಳಿಸಿದರಾಯಿತು ಎಂದು ಸಾಯಬಣ್ಣ ಅಂಗಿಯ ತೋಳು ಮಡಚಿದ. "ಏನೇನು ಡಿಲೀಟ್ ಮಾಡೋದದ ನೋಡೂಣು," ಎಂದು ತನಗೆ ತಾನೇ ಅಂದುಕೊಂಡದ್ದು ಸ್ವಲ್ಪ ಜೋರಾಗಿಯೇ ಬಂತು. ಕಚೇರಿಯಲ್ಲಿ ಹತ್ತು ಸಲ ಕೂಗಿದರೂ ಓಗೊಡದ ಮಂದಿ, ಆ ಒಂದು ಶಬ್ದಕ್ಕೆ ತಟ್ಟನೆ ಎದ್ದು ಬಂದರು.

ಮೊದಲು ಬಂದವರು ಹಿರಿಯ ಗುಮಾಸ್ತೆ ನಾಗರತ್ನಾ. "ಸಾಯಬಣ್ಣ, ನನ್ನ ಮಗಳ ಕುಬಸದ ವಿಡಿಯೊ ಅವ ಅದ್ರಾಗ. ಮುಟ್ಟಿ ಗಿಟ್ಟೀರಿ ಮತ್ತ! ಬಸರಿ ಹೆಣ್ಮಗಳ ವಿಡಿಯೊ ಅಳಿಸಿದ್ರ ಛಲೋ ಆಗ್ತದೇನು?"

"ಅಕ್ಕಾರ, ನಿಮ್ಮ ಮೊಮ್ಮಗ ಈಗ ಮೂರನೇ ಕ್ಲಾಸ್ ಓದಾಕತ್ಯಾನಲ್ರೀ."

"ಓದ್ಲಿ. ವಿಡಿಯೊದಾಗ ಅಕಿ ಇನ್ನಾ ಬಸರೇ ಇದ್ದಾಳಲ್ಲ!"

ಅಷ್ಟರಲ್ಲಿ ಟೈಪಿಸ್ಟ್ ಅಬ್ದುಲ್ ಸಲಾಂ ಬಂದ. ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ, ಎಲ್ಲರಿಗೂ ಚಾಚಾ. ಚಾಚಾ ಮನೆ ಕಟ್ಟಿಸುವಾಗ ಪಾಯದಿಂದ ಛತ್ತಿನವರೆಗೆ ದಿನಾ ಫೋಟೊ ತೆಗೆದಿದ್ದ. ನೆಲಕ್ಕೆ ಹಾಸಿದ ಪರ್ಸಿ ಕಲ್ಲುಗಳಿಗಂತೂ ಒಂದೊಂದಕ್ಕೂ ಒಂದೊಂದು ಫೋಟೊ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಒಟ್ಟು ನಾಲ್ಕು ಸಾವಿರ ಚಿಲ್ಲರೆ.

"ಅರೇ ಬೇಟಾ, ಅವು ಇಲ್ಲಂದ್ರ ಹ್ಯಾಂಗ? ನಾಳಿ ಯಾವುದರೆ ಪರ್ಸಿ ಬಿರುಕು ಬಿಟ್ರ ಮೇಸ್ತ್ರಿಗಿ ಏನು ತೋರಸಲಿ?"

"ಚಾಚಾ, ಬಿರುಕು ಬಿಟ್ಟ ಪರ್ಸಿನೇ ತೋರಸ್ರಿ."

"ಅದು ಬಿರುಕು ಬಿಟ್ಟಿದ್ದು ಆಯ್ತು. ಬಿಡದಿದ್ದಾಗ ಹ್ಯಾಂಗಿತ್ತು ಅಂತ ತೋರಸಬೇಕಲ್ಲ!"

ಇವರಿಬ್ಬರನ್ನು ಬಿಟ್ಟು ಸಾಯಬಣ್ಣ ಶಾಖೆಯ ವ್ಯವಸ್ಥಾಪಕ ಬಸವಲಿಂಗ ಸಾಹೇಬರ ಕೋಣೆಗೆ ಓಡಿದ. ಸಾಹೇಬರು ಕೈಯೆತ್ತಿ ಆಶೀರ್ವಾದ ಮಾಡಿದರು: "ಏನರೆ ಮಾಡಪ್ಪಾ. ನನ್ನ ಭಾಷಣಕ್ಕ ಒಂದು ಕೈ ಹಚ್ಚಬ್ಯಾಡ." ಸಾಹೇಬರಿಗೆ ಭಾಷಣ ಎಂದರೆ ಪ್ರಾಣ. ಒಂದೊಂದು ಭಾಷಣಕ್ಕೂ ಎರಡೆರಡು ವಿಡಿಯೊ, ಕನ್ನಡಿ ಮುಂದೆ ನಿಂತು ಮಾಡಿದ ತಯಾರಿಯದು ಒಂದು, ಸಭೆಯದು ಒಂದು. ತಯಾರಿಯವೇ ಚೆನ್ನಾಗಿವೆ ಎಂದು ಶಾಖೆಯವರ ಅಭಿಪ್ರಾಯ, ಅದರಲ್ಲಿ ಆಕಳಿಸುವವರು ಯಾರೂ ಕಾಣುವುದಿಲ್ಲ.

ಹನ್ನೊಂದೂವರೆ ಆಯಿತು. ಸಾಯಬಣ್ಣ ಬೆವರು ಒರೆಸಿಕೊಂಡು, ಯಾರ ಹಂಗೂ ಬೇಡವೆಂದು ತನ್ನ ಫೋಲ್ಡರನ್ನೇ ತೆರೆದ. ಅದರೊಳಗೆ ಅವನಿಗಿಂತ ಹಿಂದಿನ ಗುಮಾಸ್ತ ಬೀರಲಿಂಗನ ಫೋಲ್ಡರ್ ಇತ್ತು. ಅದರೊಳಗೆ ಬೀರಲಿಂಗನಿಗಿಂತ ಹಿಂದಿನವನದು. ಅದರೊಳಗೆ ಮತ್ತೊಬ್ಬನದು. ಉಳ್ಳಾಗಡ್ಡಿ ಬಿಚ್ಚಿದಂತೆ ಬಿಚ್ಚುತ್ತಾ ಹೋದ, ಕಣ್ಣಲ್ಲಿ ನೀರೂ ಬಂತು. ಐದು ತಲೆಮಾರಿನ ಗುಮಾಸ್ತರು, ಒಬ್ಬೊಬ್ಬರೂ ಚಾರ್ಜು ತೆಗೆದುಕೊಂಡ ದಿನ, ಕಳೆದು ಹೋದೀತೆಂಬ ಹೆದರಿಕೆಗೆ, ಹಿಂದಿನವನ ಗಂಟನ್ನು ಪೂರ್ತಿ ತಮ್ಮ ಗಂಟಿನೊಳಗೆ ಕಾಪಿ ಮಾಡಿಕೊಂಡಿದ್ದರು. ಹೊರಗಿನ ಮೂಲಗಳನ್ನೂ ಹಾಗೇ ಬಿಟ್ಟಿದ್ದರು. ಒಂದು ಹೊಲದ ಫೋಟೊ ಐದು ಕಡೆ, ಒಂದು ಬೀಜದ ವರದಿ ಐದು ಕಡೆ. ಏಳು ವರ್ಷದ ಹಿಂದೆ ತಾನೂ ಇದನ್ನೇ ಭಕ್ತಿಯಿಂದ ಮಾಡಿದ್ದು ನೆನಪಾಗಿ ಸಾಯಬಣ್ಣನಿಗೆ ನಾಚಿಕೆಯಾಯಿತು. ಆದರೆ ನಾಚಿಕೊಳ್ಳುತ್ತಾ ಕೂರಲು ಹೊತ್ತಿರಲಿಲ್ಲ.

ತನ್ನದೊಂದನ್ನು ಉಳಿಸಿ ಹೊರಗಿನವನ್ನೆಲ್ಲ ಅಳಿಸಿದ. ಗಿರಣಿ ಗುಂಯ್‌ಗುಟ್ಟಿತು, ಫ್ಯಾನು ಬೀಸಿತು, ಅರ್ಧ ತಾಸಿನ ನಂತರ ಪರದೆಯ ಮೇಲೆ ಮೂವತ್ನಾಲ್ಕು ಜೀಬಿ ಖಾಲಿ ಎಂದು ಮೂಡಿತು.

"ನೋಡ್ರಿ ಮೇಡಮ್!" ಎಂದು ಸಾಯಬಣ್ಣ ಎದೆಯುಬ್ಬಿಸಿದ.

ಲುಂಬಿನಿ ಶೇಂಗಾ ಸಿಪ್ಪೆ ಊದಿ ನೋಡಿದಳು. "ಇಪ್ಪತ್ತೊಂಬತ್ತು ಅದಲ್ರೀ?"

ಸಾಯಬಣ್ಣ ಕಣ್ಣುಜ್ಜಿಕೊಂಡ. ಹೌದು, ಇಪ್ಪತ್ತೊಂಬತ್ತು. ನೋಡುತ್ತಿದ್ದಂತೆಯೇ ಇಪ್ಪತ್ತೆರಡು. ಆಮೇಲೆ ಹದಿನೈದು. ತಳ ತೂತಾದ ಕೊಡಕ್ಕೆ ನೀರು ಸೇದಿ ಹಾಕಿದಂತೆ ಅವನ ಕಣ್ಣೆದುರೇ ಸೋರುತ್ತಿತ್ತು. "ಎಪ್ಪಾ, ವೈರಸ್ ಹೊಕ್ಕದ!" ಎಂದು ಚೀರಿ, ಸಹಾಯಕ್ಕೆಂದು ನಾಗರತ್ನಾ ಅವರ ಟೇಬಲಿಗೆ ಓಡಿದ.

ನಾಗರತ್ನಾ ಅವರ ಕಂಪ್ಯೂಟರಿನಲ್ಲಿ ಹಸಿರು ಗೆರೆಯೊಂದು ನಿಧಾನಕ್ಕೆ ಸರಿಯುತ್ತಿತ್ತು.

"ಏನು ಮಾಡಾಕತ್ತೀರಿ ಅಕ್ಕಾರ?"

"ನೀವು ಅಳಸಾಕತ್ತೀರಿ ಅಂತ ನಮ್ಮವು ಒಂದು ಕಾಪಿ ಮಾಡಿ ಬ್ಯಾರೆ ಕಡಿ ಇಡಾಕತ್ತೀನಿ."

"ಎಲ್ಲಿ ಇಡಾಕತ್ತೀರಿ?"

"ಝಡ್ ಡ್ರೈವಿನಾಗೇ. ಹೆಸರು ಬದಲಿ ಮಾಡೀನಿ, ನಿಮಗ ಸಿಗಬಾರದು ಅಂತ," ಎಂದು ನಾಗರತ್ನಾ ಜಾಣತನದ ನಗು ನಕ್ಕರು.

ಸಾಯಬಣ್ಣ ತಲೆ ಮೇಲೆ ಕೈ ಹೊತ್ತು ಚಾಚಾನ ಕಡೆ ನೋಡಿದ. ಚಾಚಾ ಎರಡು ಕಾಪಿ ಮಾಡುತ್ತಿದ್ದ, ಒಂದು ಹೋದರೆ ಒಂದಿರಲಿ ಎಂದು. ಸಾಹೇಬರ ಕೋಣೆಯ ಗಾಜಿನಲ್ಲಿ ಇಣುಕಿದರೆ ಅಲ್ಲಿಯೂ ಹಸಿರು ಗೆರೆ. ಸಾಹೇಬರು ಫೋಲ್ಡರಿಗೆ 'ಅತಿ ಸುರಕ್ಷಿತ' ಎಂದು ಎರಡು ಬೆರಳಲ್ಲಿ ಹೆಸರು ಬರೆಯುತ್ತಿದ್ದರು. ಸಾಯಬಣ್ಣ ಮರಳಿ ಬರುವಷ್ಟರಲ್ಲಿ ಖಾಲಿ ಜಾಗ ಹನ್ನೊಂದು ಎಂಬಿಗೆ ಇಳಿದಿತ್ತು. ಮುಂಜಾನೆಗಿಂತ ಕಡಿಮೆ!

"ಮುಂಜಾನೆ ಮೂವತ್ತೆಂಟರೆ ಇತ್ತು," ಎಂದಳು ಲುಂಬಿನಿ.

ಸಾಯಬಣ್ಣ ಆಗ ಮೂರು ಕಾಲಿನ ಕುರ್ಚಿಯ ಮೇಲೆ ಕೂತುಬಿಟ್ಟ. ಕೂತವನು ಬಿದ್ದ. ಬಿದ್ದಲ್ಲಿಂದಲೇ ಕೈ ಮುಗಿದ. "ಅಕ್ಕಾರ, ಚಾಚಾ, ಸಾಹೇಬ್ರ, ನನ್ನ ಹೊಟ್ಟಿ ಮ್ಯಾಲೆ ಯಾಕ ಹೊಡಿಯಾಕತ್ತೀರಿ? ಏಳು ವರ್ಷದಿಂದ ಬಿಸಿ ರೊಟ್ಟಿ ತಿಂದಿಲ್ರೀ ನಾ!"

ಈ ಕೂಗಿಗೆ ಮೂವರ ಮನಸ್ಸೂ ಕರಗಿತು. ಎಷ್ಟೆಂದರೂ ಏಳು ವರ್ಷ ಕೂಡಿ ಚಹಾ ಕುಡಿದವರು. ಹಾಗಂತ ಅಳಿಸಲು ಮಾತ್ರ ಯಾರೂ ಒಪ್ಪಲಿಲ್ಲ. ಕೊನೆಗೆ ಸಾಯಬಣ್ಣ, "ನಮ್ಮವ್ವ ಮಹಾದೇವಮ್ಮನ ಆಣಿ, ನಿಮ್ಮವು ಒಂದು ಫೋಟೊ ಸುದ್ದಾ ನಾ ಅಳಸಂಗಿಲ್ಲ, ಜಿಂದಗೀನಾಗ ಅಳಸಂಗಿಲ್ಲ. ಈ ಝಡ್ ಬಿಟ್ಟು ಬ್ಯಾರೆ ಕಡಿ ಎಲ್ಲಿಯಾದ್ರೂ ಇಡೂಣು," ಎಂದ. ಅವ್ವನ ಆಣೆ ಎಂದ ಮೇಲೆ ಮೂವರೂ ಹೂಂ ಎಂದರು.

ಬೇರೆ ಕಡೆ ಎಂದರೆ ಎಲ್ಲಿ? ಹುಡುಕಿದವನು ಚಾಚಾ. ಐದು ಊರಿನ ಶಾಖೆಗಳಿಗೂ ಜಾಲ ಜೋಡಿಸಿದ ಇಂಜಿನಿಯರ್ ಡ್ರೈವುಗಳಿಗೆ ಹೆಸರಿಡದೆ ಬರೀ ಅಕ್ಷರ ಇಟ್ಟಿದ್ದ. ಈ ಡ್ರೈವ್ ತೆಗಿ, ಆ ಡ್ರೈವ್ ಮುಚ್ಚು ಎಂದು ದಿನಾ ಫೋನು ಬರುತ್ತದೆಂದು ಎಲ್ಲರಿಗೂ ಎಲ್ಲವನ್ನೂ ತೆರೆದಿಟ್ಟು ಕೆಲಸ ಬಿಟ್ಟು ಹೋಗಿದ್ದ. ಚಾಚಾ ಒಂದೊಂದನ್ನೇ ತೆರೆದು ನೋಡಿದ. ಒಂದು ಕೆಂಪು. ಇನ್ನೊಂದು ಕೆಂಪು. ಮತ್ತೊಂದು ಕಡುಗೆಂಪು.

"ಇಲ್ಲಿ ಬಾ ಬೇಟಾ! ಕ್ಯೂ ಅಂತ ಒಂದದ. ಸಣ್ಣದು, ಅರವತ್ತೈದೇ ಜೀಬಿ, ಆದ್ರ ಬಿಲ್ಕುಲ್ ಖಾಲಿ!"

ಸಾಯಬಣ್ಣ ಇಣುಕಿದ. ನೀಲಿ ಪಟ್ಟಿ ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ. ಸಾರಿಸಿ ಒರೆಸಿದ ಅಂಗಳದಂತೆ ಸ್ವಚ್ಛ. "ಯಾರದು ಚಾಚಾ ಇದು?"

"ಯಾರದೂ ಅಲ್ಲ. ಯಾರದರೆ ಇದ್ರ ಖಾಲಿ ಇರ್ತಿತ್ತೇನು? ಹೆಡ್ ಆಫೀಸ್ ಮಂದಿ ನಮ್ಮಂಥವರ ಸಲುವಾಗಿ ಇಟ್ಟಾರ."

ಮಾತು ಎಲ್ಲರಿಗೂ ನೂರಕ್ಕೆ ನೂರು ಒಪ್ಪಿಗೆಯಾಯಿತು. ಮನುಷ್ಯರಿಗೆ ಸೇರಿದ ಡ್ರೈವು ಎಲ್ಲಾದರೂ ಖಾಲಿ ಇರುವುದುಂಟೇ? ಲುಂಬಿನಿಯನ್ನೂ ಕೇಳಿದರು. "ನನ್ನ ಪಟ್ಟಿನಾಗ ಝಡ್ ಅಷ್ಟೇ ಅದ. ಕ್ಯೂದಾಗ 'ಕತ್ತಿ' ಕಟ್ರಿ, ನಂಗೇನು," ಎಂದಳು. ಕತ್ತೆಗೆ ಶಾಹಾಬಾದಿನಲ್ಲಿ ಹಾಗೇ ಅನ್ನುತ್ತಾರೆ.

ಹನ್ನೆರಡೂ ನಲವತ್ತಕ್ಕೆ ಸಾಗಾಟ ಶುರುವಾಯಿತು. ಅರವತ್ತೆರಡು ಜೀಬಿ. ಪರದೆಯ ಮೇಲೆ 'ಉಳಿದಿರುವ ಸಮಯ ಒಂಬತ್ತು ಗಂಟೆ' ಎಂದು ಬಂತು. ಸಾಯಬಣ್ಣನ ಮುಖ ಕಪ್ಪಿಟ್ಟಿತು. ಐದು ನಿಮಿಷಕ್ಕೆ 'ಎರಡು ದಿನ' ಎಂದಿತು. ಮತ್ತೆರಡು ನಿಮಿಷಕ್ಕೆ 'ಹದಿನಾಲ್ಕು ನಿಮಿಷ' ಎಂದಿತು. ನಮ್ಮ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೂಡ ಇಷ್ಟು ಸುಳ್ಳು ಹೇಳುವುದಿಲ್ಲ. ಸಾಯಬಣ್ಣ ಆ ಕಡೆ ನೋಡುವುದನ್ನೇ ಬಿಟ್ಟು ಹಸಿರು ಗೆರೆಯೊಂದನ್ನೇ ನಂಬಿ ಕೂತ.

ಗೆರೆ ಅರ್ಧ ದಾಟಿತ್ತು. ಆಗ ಕರೆಂಟು ಹೋಯಿತು.

ಯೂಪಿಎಸ್ಸು ಕುಂಯ್ ಎನ್ನುತ್ತಾ ಕಂಪ್ಯೂಟರನ್ನು ಹಿಡಿದುಕೊಂಡಿತು, ಆದರೆ ಟೇಬಲ್ ಫ್ಯಾನು ನಿಂತಿತು. ಫ್ಯಾನು ನಿಂತರೆ ಇನ್ನೈದು ನಿಮಿಷದಲ್ಲಿ ಕಂಪ್ಯೂಟರ್ ಕಾದು ಮಲಗುತ್ತದೆ, ಸಾಗಾಟ ಮತ್ತೆ ಮೊದಲಿನಿಂದ.

"ಗಾಳಿ ಹೊಡೀರಿ!" ಎಂದು ಸಾಯಬಣ್ಣ ಅಬ್ಬರಿಸಿದ. ಏಳು ವರ್ಷದಲ್ಲಿ ಅವನ ದನಿ ಅಷ್ಟು ದೊಡ್ಡದಾಗಿ ಯಾರೂ ಕೇಳಿರಲಿಲ್ಲ.

ನಾಗರತ್ನಾ ಸೆರಗಿನಿಂದ ಬೀಸಿದರು. ಚಾಚಾ ಬೀಜದ ವರದಿಯ ಫೈಲಿನಿಂದ ಬೀಸಿದ. ಸದ್ದು ಕೇಳಿ ಹೊರಬಂದ ಬಸವಲಿಂಗ ಸಾಹೇಬರು ಕೈಯಲ್ಲಿದ್ದ ಭಾಷಣದ ಹಾಳೆಗಳಿಂದಲೇ ಬೀಸತೊಡಗಿದರು. ಸಾಹೇಬರ ಭಾಷಣದಿಂದ ಒಂದು ಜೀವಕ್ಕೆ ತಂಪಾದದ್ದು ಅದೇ ಮೊದಲು. ಲುಂಬಿನಿ ಕೂಡ ಎದ್ದು ಬಂದು, ತಾನು ಯಾವ ಪಕ್ಷವೆಂಬುದನ್ನು ಮರೆತು, ಶೇಂಗಾ ಪೊಟ್ಟಣದಿಂದ ಗಾಳಿ ಹಾಕಿದಳು. ಹಸಿರು ಗೆರೆ ಸರಿಯಿತು, ನಿಂತಿತು, ಮತ್ತೆ ಸರಿಯಿತು.

"ಹೊಡೀರಿ, ಹೊಡೀರಿ! ಕುಬಸ ದಾಟ್ತು! ಚಾಚಾ, ನಿಮ್ಮ ಪಾಯಾ ದಾಟ್ತು, ಗ್ವಾಡಿ ಬಂತು!"

"ಛತ್ತು ಬಂತೇನು?"

"ಛತ್ತು ಬಂತ್ರೀ!"

ಇಪ್ಪತ್ತು ನಿಮಿಷ ಹೀಗೆ ನಡೆಯಿತು. ಕರೆಂಟು ಬಂದಾಗ ಐದೂ ಮಂದಿ ಬೆವರಿನಲ್ಲಿ ತೊಯ್ದಿದ್ದರು, ಕಂಪ್ಯೂಟರ್ ಮಾತ್ರ ತಣ್ಣಗೆ ಕೆಲಸ ಮಾಡುತ್ತಿತ್ತು. ಮೂರು ಗಂಟೆ ಐದು ನಿಮಿಷಕ್ಕೆ ಹಸಿರು ಗೆರೆ ತುದಿ ಮುಟ್ಟಿ ಮಾಯವಾಯಿತು. ಸಾಯಬಣ್ಣ ಝಡ್ ಡ್ರೈವ್ ನೋಡಿದ. ಕೆಂಪಿಲ್ಲ. ನೀಲಿ! ಅರವತ್ತೆರಡು ಜೀಬಿ ಖಾಲಿ!

ಚಾಚಾ ಸಾಯಬಣ್ಣನನ್ನು ತಬ್ಬಿಕೊಂಡ. ನಾಗರತ್ನಾ ಕಣ್ಣೊರೆಸಿಕೊಂಡರು. ಲುಂಬಿನಿ ಪೆನ್ನಿನ ಟೋಪಿ ತೆಗೆದು ಸಹಿ ಹಾಕಿ, "ಖರೇನೇ ಹೇಳ್ತೀನ್ರಿ ಸರ್, ಇಷ್ಟು ಸ್ವಚ್ಛ ಚಾರ್ಜ್ ನಂಗ ಯಾರೂ ಕೊಟ್ಟಿರಲಿಲ್ಲ," ಎಂದಳು. ಬಸವಲಿಂಗ ಸಾಹೇಬರು ಹಾರ ಹಾಕಿ, ಬೆವರಿಗೆ ಅಕ್ಷರ ಕಲೆಸಿಹೋದ ಹಾಳೆಗಳನ್ನು ಬಿಡಿಸಿ, "ಬಂಧುಗಳೇ," ಎಂದು ಶುರು ಮಾಡಿದರು. ಸಾಯಬಣ್ಣ ಬಿಡುಗಡೆ ಪತ್ರ ಕಸಿದುಕೊಂಡು, ಕೊರಳಿನ ಹಾರ ಸಮೇತ ಓಡಿದ. ಬಸ್ಸು ಹೊರಟು ಹತ್ತು ಹೆಜ್ಜೆ ಹೋಗಿತ್ತು. ಹಾರ ಹಾಕಿಕೊಂಡು ಓಡಿ ಬರುತ್ತಿರುವವನನ್ನು ಕಂಡು ಯಾರೋ ಮದುಮಗನಿರಬೇಕೆಂದು ಡ್ರೈವರ್ ನಿಲ್ಲಿಸಿದ.

ಮಳಖೇಡದ ಬಳಿ ಕಾಗಿಣಾ ಹೊಳೆ ಕಂಡಾಗ ಕಿಟಕಿಯಿಂದ ಬಂದ ಗಾಳಿಗೆ ಸಾಯಬಣ್ಣನಿಗೆ ಹಾಡಬೇಕೆನಿಸಿತು. ಏಳು ವರ್ಷದಿಂದ ಯಾರೂ ಮಾಡದ ಕೆಲಸವನ್ನು ನಾಲ್ಕು ತಾಸಿನಲ್ಲಿ ಮಾಡಿದ್ದ. ಒಬ್ಬರ ಮನಸ್ಸನ್ನೂ ನೋಯಿಸಿರಲಿಲ್ಲ, ಒಂದು ಫೋಟೊ ಕಳೆದಿರಲಿಲ್ಲ. ತಾನು ಇಷ್ಟು ಕೆಲಸಗಾರ ಎಂದು ಅವನಿಗೇ ಇಷ್ಟು ದಿನ ಗೊತ್ತಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಚಿತ್ತಾಪುರ ಶಾಖೆಗೆ ಕಾಲಿಟ್ಟ. ಅಲ್ಲಿನ ವ್ಯವಸ್ಥಾಪಕಿ ದಾನಮ್ಮ ಮೇಡಮ್ಮರು ನೇರ ಮಾತಿನವರು. "ಬರ್ರಿ, ಕುಂದ್ರಿ. ಜಲ್ದಿ ಚಾರ್ಜ್ ತೊಗೊಳ್ರಿ, ಐದೂವರಿಗಿ ನಾ ಕೀಲಿ ಹಾಕ್ತೀನಿ," ಎಂದರು. ಚಾರ್ಜು ಕೊಡಬೇಕಾದವನು ಚಿಂಚೋಳಿಗೆ ವರ್ಗವಾಗಿದ್ದ ಶಾಹನವಾಜ. ತೆಳ್ಳಗಿನ ಮನುಷ್ಯ, ಈಗಷ್ಟೇ ಅತ್ತು ಎದ್ದವನಂತೆ ಕಣ್ಣು ಕೆಂಪಾಗಿದ್ದವು.

ಟೇಬಲ್ ಆಯಿತು, ಕುರ್ಚಿ ಆಯಿತು. ಇಲ್ಲಿನ ಕುರ್ಚಿಗಳಿಗೆ ಎಲ್ಲ ಕಾಲೂ ಇದ್ದವು. ಕಂಪ್ಯೂಟರ್ ಮಾತ್ರ ಸೇಡಂನದರ ಅವಳಿ, ಅದೇ ಬಿಚ್ಚಿದ ತಗಡು, ಅದೇ ಫ್ಯಾನು. ಕೊನೆಯ ಸಾಲಿಗೆ ಬಂದಾಗ ಶಾಹನವಾಜ ತಲೆ ತಗ್ಗಿಸಿ ಪರದೆ ತೋರಿಸಿದ. ಡ್ರೈವು ಕೆಂಪು.

"ಮಾಫ್ ಮಾಡ್ರಿ ಸಾಯಬಣ್ಣಾರ. ಮೂರು ತಿಂಗಳು ಕುಂತು ಒಂದೊಂದೇ ಫೈಲ್ ನೋಡಿ ಖಾಲಿ ಮಾಡಿದ್ದೆ. ಹೊಸಾ ಗುಮಾಸ್ತರು ಬರ್ತಾರ, ಅವರಿಗಿ ತೊಳದ ತಾಟಿನಂಗ ಕೊಡಬೇಕು ಅಂತ. ಇವತ್ತು ಊಟಕ್ಕ ಹೋಗಿ ಬಂದು ನೋಡಿದ್ರ ಯಾರೋ ಬ್ಯಾರೆ ಊರಿನವ್ರು ತಮ್ಮ ಕಸಾ ಎಲ್ಲಾ ತಂದು ಸುರದಾರ."

ಸಾಯಬಣ್ಣನಿಗೆ ಸಿಟ್ಟು ನೆತ್ತಿಗೇರಿತು. ಕೆಂಪು ಡ್ರೈವಿನ ಸಂಕಟ ಏನೆಂದು ಅವನಿಗಿಂತ ಚೆನ್ನಾಗಿ ಆ ಹೊತ್ತು ಕಲಬುರಗಿ ಜಿಲ್ಲೆಯಲ್ಲೇ ಯಾರಿಗೂ ಗೊತ್ತಿರಲಿಲ್ಲ. "ಎಂಥಾ ಮಂದಿರೀ ಇವ್ರು! ಇನ್ನೊಬ್ಬರ ಮನಿ ಅಂಗಳದಾಗ ಕಸಾ ಚೆಲ್ಲೋದಂದ್ರೇನು? ನಾಚಿಕಿ ಬ್ಯಾಡ? ಯಾವಂವ ಅಂವ? ತಗೀರಿ ಅದನ್ನ, ನೋಡೂಣು!"

ಶಾಹನವಾಜ ತೆರೆಯಲು ಒತ್ತಿದ. ಹಳೆಯ ಯಂತ್ರ, ನೀಲಿ ಉಂಗುರ ತಿರುಗತೊಡಗಿತು. ಉಂಗುರ ತಿರುಗುವಷ್ಟು ಹೊತ್ತೂ ಸಾಯಬಣ್ಣ ಮಾತಾಡಿದ. "ನಾ ಇವತ್ತು ಸೇಡಂನಾಗ ಚಾರ್ಜ್ ಕೊಟ್ಟು ಬಂದೀನಿ ಮೇಡಮ್. ಕೇಳಿ ನೋಡ್ರಿ ಬೇಕಾದ್ರ. ಕನ್ನಡಿ ಮಾಡಿ ಕೊಟ್ಟೀನಿ, ಕನ್ನಡಿ! ಇಂಥವರಿಗಿ ಬಿಡಬಾರದು."

ದಾನಮ್ಮ ಮೇಡಮ್ಮರಿಗೆ ಈ ಆವೇಶ ಬಹಳ ಹಿಡಿಸಿತು. "ನಂಗ ಇಂಥಾ ಮನಷ್ಯಾನೇ ಬೇಕಿತ್ತು. ಹೇಳ್ರಿ, ಏನು ಮಾಡೂಣು?"

"ಬರೀರಿ ಪಟ್ಟಿನಾಗ," ಎಂದು ಸಾಯಬಣ್ಣ ನಿಂತು ಹೇಳಿ ಬರೆಸಿದ: "ಈ ಡ್ರೈವಿನಲ್ಲಿ ಕಸ ಹಾಕಿದವರು ಯಾರೇ ಇರಲಿ, ಸಂಘದ ಯಾವ ಶಾಖೆಯವರೇ ಆಗಿರಲಿ, ಅವರನ್ನು ಇದೇ ಕುರ್ಚಿಯಲ್ಲಿ ಕೂರಿಸಿ ಅವರ ಕೈಯಿಂದಲೇ ತೆಗೆಸತಕ್ಕದ್ದು. ಪೂರ್ತಿ ತೆಗೆಯುವವರೆಗೆ ಮಧ್ಯಾಹ್ನ ಊಟಕ್ಕೂ ಹೊರಗೆ ಬಿಡತಕ್ಕದ್ದಲ್ಲ."

"ಊಟದ್ದು ಜರಾ ಜಾಸ್ತಿ ಆಗಂಗಿಲ್ರೀ?" ಎಂದ ಶಾಹನವಾಜ.

"ಏನೂ ಜಾಸ್ತಿ ಇಲ್ಲ. ಹೊಟ್ಟಿ ಮ್ಯಾಲೆ ಹೊಡದ್ರೇ ಬುದ್ಧಿ ಬರ್ತದ ಇಂಥವರಿಗಿ."

ದಾನಮ್ಮನವರು ಸಹಿ ಮಾಡಿ, ಸಿಕ್ಕಾ ಒತ್ತಿದರು. ಸಾಯಬಣ್ಣನೂ ಕೆಳಗೆ ದೊಡ್ಡದಾಗಿ ಸಹಿ ಹಾಕಿದ. ಐದೂ ಇಪ್ಪತ್ತೆಂಟು. ಚಿತ್ತಾಪುರದ ಜಾಗ ಅವನದಾಯಿತು. ವಾಡಿಯವನು ಇನ್ನು ಬಾಡಿಗೆ ಮನೆ ಬಿಟ್ಟಂತೆಯೇ.

"ಹೆಸರು ಬರಾಕತ್ಯಾವ ನೋಡ್ರಿ," ಎಂದ ಶಾಹನವಾಜ. "ನಮ್ಮ ಕಂಪ್ಯೂಟರಿನಾಗ ಇದಕ್ಕ ಝಡ್ ಅಂತಾರ. ಬ್ಯಾರೆ ಊರಿನವರಿಗಿ ಇದು ಕ್ಯೂ ಅಂತ ಕಾಣ್ತದಂತ."

ಸಾಯಬಣ್ಣ ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟ.

ಹಳೆಯ ಕಂಪ್ಯೂಟರ್ ಒಂದೊಂದೇ ಹೆಸರನ್ನು ನಿಧಾನಕ್ಕೆ ಹೊರಗೆ ಬಿಟ್ಟಿತು. ಕುಬಸ, ಅಳಿಸಬೇಡಿ. ಪರ್ಸಿ ಕಲ್ಲು, ಮುಂದಿನಿಂದ. ಪರ್ಸಿ ಕಲ್ಲು, ಹಿಂದಿನಿಂದ. ಅತಿ ಸುರಕ್ಷಿತ.

"ಇದೇನಿದು ಅತಿ ಸುರಕ್ಷಿತ?" ಎಂದು ದಾನಮ್ಮನವರೇ ಮೌಸು ಹಿಡಿದು ಮೊದಲಿನ ವಿಡಿಯೊ ಒತ್ತಿದರು. ಬಸವಲಿಂಗ ಸಾಹೇಬರು ಮನೆಯ ಕನ್ನಡಿಯ ಮುಂದೆ ಬನಿಯನ್ನಿನಲ್ಲಿ ನಿಂತು, ನಿನ್ನೆ ರಾತ್ರಿಯ ತಯಾರಿಯಲ್ಲಿ, ಕೈ ಎತ್ತಿ ಗುಡುಗಿದರು: "ಬಂಧುಗಳೇ! ನಮ್ಮ ಸೇಡಂ ಶಾಖೆಯಿಂದ ಇಂದು ಚಿತ್ತಾಪುರಕ್ಕೆ ಹೊರಟಿರುವ ಶ್ರೀ ಸಾಯಬಣ್ಣನವರು ಬರಿಗೈಯಲ್ಲಿ ಹೋಗುತ್ತಿಲ್ಲ. ನಮ್ಮೆಲ್ಲರ ನೆನಪುಗಳನ್ನೂ ತಮ್ಮ ಜೊತೆಗೇ ಒಯ್ಯುತ್ತಿದ್ದಾರೆ!"

ಶಾಹನವಾಜ ಸಾಯಬಣ್ಣನನ್ನು ನೋಡಿದ. ದಾನಮ್ಮನವರು ಸಾಯಬಣ್ಣನನ್ನು ನೋಡಿದರು, ಆಮೇಲೆ ಪಟ್ಟಿಯನ್ನು ನೋಡಿದರು, ಸಿಕ್ಕಾದ ಮಸಿ ಇನ್ನೂ ಆರಿರಲಿಲ್ಲ.

"ಅಳಿಸ್ರಿ ಹಂಗಾದ್ರ," ಎಂದರು ದಾನಮ್ಮ. "ಹೆಂಗಿದ್ರೂ ಕಸಾನೇ ಅಲ್ಲ?"

"ಅಳಸಾಕ ಬರಂಗಿಲ್ರಿ ಮೇಡಮ್," ಎಂದ ಸಾಯಬಣ್ಣ, ಕ್ಷೀಣವಾಗಿ. "ನಮ್ಮವ್ವನ ಆಣಿ ಮಾಡೀನಿ."

"ಅಳಸಂಗಿಲ್ಲ ಅಂದ್ರ ಒಂದೊಂದೇ ತಗದು ಎಲ್ಲಿ ಇಡ್ತೀರೋ ಇಡ್ರಿ. ನಂಗೇನು ಜಲ್ದಿ ಇಲ್ಲ. ಕುರ್ಚಿ ಅದ, ನೀವಿದ್ದೀರಿ, ಪಟ್ಟಿ ಅದ," ಎಂದು ದಾನಮ್ಮನವರು ಪಟ್ಟಿಯನ್ನು ಗೋಡೆಗೆ ಅಂಟಿಸಿದರು.

ಆಗ ಸಾಯಬಣ್ಣನ ಫೋನು ಬಡಿಯಿತು. ಭಾಗ್ಯ. "ಜಾಯಿನ್ ಆದ್ರೇನ್ರೀ? ನಾಗರತ್ನಕ್ಕ ಫೋನ್ ಮಾಡಿ ಹೇಳಿದ್ರು, ಭಾಳ ಛಲೋ ಕೆಲಸ ಮಾಡಿ ಹೋದ್ರಂತ. ಅತ್ತಿಯರು ಖುಷಿನಾಗ ಓಣಿಗೆಲ್ಲ ಸಕ್ರಿ ಹಂಚಾಕತ್ಯಾರ. ಹೌದಲ್ಲ, ನಾಳಿ ಮಧ್ಯಾಹ್ನ ಎಷ್ಟು ಗಂಟಿಗಿ ಬರ್ತೀರಿ? ನೀವು ಬಂದ ಮ್ಯಾಲೇ ಹಂಚು ಇಡ್ತೀನಿ."

ಸಾಯಬಣ್ಣ ಗೋಡೆಯ ಕಡೆ ನೋಡಿದ. ತನ್ನ ಸಹಿ ಅಷ್ಟು ದೊಡ್ಡದಾಗಿ ಹಾಕಬಾರದಿತ್ತು.

"ಹಂಚು ಮುಂಜಾನೆ ಆರಕ್ಕೇ ಇಡು," ಎಂದ.